ಕಿಲ್ಟಿನ ಮೇಲೆ ಉದ್ದ ಕೋಟು

ಟ್ರಯಲ್ ರೂಮಿನ ಬಾಗಿಲು ತೆರೆದು ಡಾಕ್ಟರ್ ಜಯಕರ ಹೊರಗೆ ಬಂದಾಗ ಅವನ ಹೆಂಡತಿ ಶರ್ಮಿಳಾಳಿಗೆ ನಗು ಉಕ್ಕಿ ಬಂತು. ಕೆಮ್ಮಿದ ಹಾಗೆ ಮಾಡಿ ನುಂಗಿಕೊಂಡಳು. ಈ ಸಂಸಾರದಲ್ಲಿ ಆಕೆ ಕಲಿತ ವಿದ್ಯೆಗಳಲ್ಲಿ ಅದೂ ಒಂದು.

ಉಡುಪಿಯ ಜಯಕರ ಪೆನಾಂಗಿನ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಪಾಠ ಹೇಳುತ್ತಿದ್ದ. ಶನಿವಾರ ಸ್ಕಾಟ್ಲೆಂಡಿನಿಂದ ಬರುವ ಪ್ರೊಫೆಸರುಗಳಿಗೆ ಕಾಲೇಜಿನವರು ಮಧ್ಯಾಹ್ನದ ಔತಣ ಇಟ್ಟುಕೊಂಡಿದ್ದರು. ಎರಡು ಕಾಲೇಜುಗಳೂ ಇನ್ನು ಮುಂದೆ ಒಟ್ಟಿಗೆ ಕೆಲಸ ಮಾಡುವುದೆಂದು ನಿರ್ಧಾರವಾಗಿತ್ತು. ಅದರ ಹೊಣೆ ಯಾರಿಗೆ ಎಂಬುದನ್ನು ಡೀನ್ ಕೀರ್ತಿರಾಜ್ ಅಂದೇ ವೇದಿಕೆಯಲ್ಲಿ ಹೇಳುವವರಿದ್ದರು. ಎಡಿನ್‌ಬರೋದಲ್ಲಿ ಒಂದು ವರ್ಷ ಓದಿ ಬಂದ ತನ್ನನ್ನು ಬಿಟ್ಟು ಇನ್ಯಾರಿಗೆ ಎಂದು ಜಯಕರ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ. ಅಲ್ಲಿಂದ ತಂದ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟದಿಂದ ಮೊಣಕಾಲಿನ ತನಕ ಉಡುವ ಚೌಕಳಿಯ ನೆರಿಗೆ ಉಡುಪು, ಇಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಈಗ ಅದಕ್ಕೆ ಯೋಗ ಕೂಡಿ ಬಂದಿತ್ತು. ಮೇಲಕ್ಕೊಂದು ರೆಡಿಮೇಡ್ ಕೋಟು ಬೇಕೆಂದು ಇಬ್ಬರೂ ಬಯಾನ್ ಲೆಪಾಸಿನ ಮಾಲಿಗೆ ಬಂದಿದ್ದರು.

ಅಂಗಡಿಯಲ್ಲಿದ್ದ ಕೋಟುಗಳಲ್ಲೆಲ್ಲ ಉದ್ದನೆಯದನ್ನು ಅವನು ಆರಿಸಿದ್ದ. ಅದರ ಅಂಚಿನ ಕೆಳಗೆ ಇಣುಕುತ್ತಿದ್ದದ್ದು ನಾಲ್ಕು ಬೆರಳು ಚೌಕಳಿ, ಅದರ ಕೆಳಗೆ ಕೂದಲು ತುಂಬಿದ ಕಾಲು. ಪ್ಯಾಂಟು ಹಾಕಲು ಮರೆತು ಆಫೀಸಿಗೆ ಹೊರಟವನ ಹಾಗೆ ಕಾಣುತ್ತಿದ್ದ.

"ಅಜ್ಜನ ಫೋಟೋ ನೆನಪುಂಟಲ್ಲ?" ಎಂದ ಜಯಕರ, ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತಾ. "ಕಚ್ಚೆ ಪಂಚೆ, ಮೇಲೆ ಉದ್ದ ಕೋಟು. ಎಂಥ ಗತ್ತು! ಉಟ್ಟದ್ದರ ಮೇಲೆ ಹಾಕುವ ಕೋಟು ಉದ್ದವೇ ಇರ್ಬೇಕು ಮಾರಾಯ್ತಿ. ಗಿಡ್ಡ ಹಾಕಿದ್ರೆ ಬ್ಯಾಂಡಿನವನ ಹಾಗೆ ಕಾಣ್ತದೆ."

ಪಂಚೆಯ ನಿಯಮವನ್ನು ಕಿಲ್ಟಿಗೆ ಹಾಕಿದ್ದ ಮಹಾನುಭಾವ. ಸೊಂಟಕ್ಕೆ ಸುತ್ತಿದ್ದೆಲ್ಲ ಪಂಚೆ ಎಂದು ನಮ್ಮವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು! ಎಡಿನ್‌ಬರೋದಲ್ಲಿ ಇದ್ದಷ್ಟು ದಿನ ಅವನು ಜನರ ಬರಿ ಮೊಣಕಾಲು ನೋಡಿ ಬೆರಗಾದನೇ ಹೊರತು ಅವರ ಕೋಟು ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿರಲಿಲ್ಲ.

ಶರ್ಮಿಳಾಳಿಗೆ ಗೊತ್ತಿತ್ತು. ಮಗಳು ಶ್ರೀಯಾ ಶಾಲೆಯ ಪೈಪ್ ಬ್ಯಾಂಡಿನಲ್ಲಿದ್ದಳು. ಕಿಲ್ಟ್ ಉಟ್ಟು, ಚೀಲದ ವಾದ್ಯವನ್ನು ಕಂಕುಳಲ್ಲಿ ಒತ್ತಿ ಊದುವ ಬ್ಯಾಂಡ್ ಅದು. ಅದಕ್ಕೆ ಮಗಳು ಹಾಕುವ ಜಾಕೆಟ್ಟನ್ನು ಪ್ರತಿ ವಾರ ಇಸ್ತ್ರಿ ಮಾಡುತ್ತಿದ್ದದ್ದು ಶರ್ಮಿಳಾ. ಅದು ಸೊಂಟಕ್ಕೆ ಸರಿಯಾಗಿ ನಿಲ್ಲುತ್ತದೆ, ಕಿಲ್ಟ್ ಪೂರ್ತಿ ಕಾಣಬೇಕು, ಮುಂದೆ ತೂಗುವ ಚರ್ಮದ ಚೀಲವೂ ಕಾಣಬೇಕು. ಜಯಕರ ಮಗಳ ಒಂದು ಕಾರ್ಯಕ್ರಮಕ್ಕೂ ಹೋದವನಲ್ಲ. "ಪೀಪಿ ಊದುದು ನೋಡ್ಲಿಕ್ಕೆ ನಾನು ಎಂತಕ್ಕೆ?" ಎನ್ನುತ್ತಿದ್ದ.

ಹ್ಯಾಂಗರುಗಳ ಸಾಲಿನ ತುದಿಯಲ್ಲಿ ಒಂದು ಗಿಡ್ಡ ಕಪ್ಪು ಜಾಕೆಟ್ ಇತ್ತು. ಅವನ ಅಳತೆಯದೇ. ಶರ್ಮಿಳಾ ಅದನ್ನು ಆಗಲೇ ನೋಡಿದ್ದಳು, ಕೈಯನ್ನೂ ಇಟ್ಟಿದ್ದಳು. ಹೆಂಡತಿಯ ಕೈ ಅಲ್ಲವೇ, ಅಭ್ಯಾಸಬಲದಿಂದ ಮುಂದೆ ಹೋಗಿತ್ತು.

ಅಷ್ಟರಲ್ಲಿ ದೀಪಾವಳಿ ನೆನಪಾಯಿತು. ಕೀರ್ತಿರಾಜ್ ಮನೆಯ ಊಟದಲ್ಲಿ, ಕಾಲೇಜಿನವರೆಲ್ಲ ಕೂತಿದ್ದಾಗ, ತಾಯಿ ಕೊಟ್ಟ ಹಸಿರು ರೇಷ್ಮೆ ಸೀರೆ ಉಟ್ಟು ಅವಳು ಒಳಗೆ ಬಂದಿದ್ದಳು. "ಇದೆಂತ, ಸೀರೆ ಉಟ್ಟದ್ದಾ, ಸೋಫಾಕ್ಕೆ ಕವರ್ ಹಾಕಿದ್ದಾ?" ಎಂದಿದ್ದ ಜಯಕರ. ಜೋಕು ಇಂಗ್ಲಿಷಿಗೂ ಇಳಿದು ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶರ್ಮಿಳಾಳೂ ನಕ್ಕಳು. ನಗದೆ ಎಲ್ಲಿಗೆ ಹೋಗುವುದು? ಆ ಸೀರೆಯನ್ನು ಆಮೇಲೆ ಅವಳು ಮುಟ್ಟಲಿಲ್ಲ.

ಗಿಡ್ಡ ಜಾಕೆಟ್ಟನ್ನು ಬೆರಳಿನಿಂದ ಸರಿಸಿ ಬೇರೆ ಕೋಟುಗಳ ಹಿಂದಕ್ಕೆ ತಳ್ಳಿದಳು.

"ಎಂತ ಹೇಳ್ತಿ?" ಎಂದ ಜಯಕರ. ಅವಳನ್ನು ಅವನು ಅಭಿಪ್ರಾಯ ಕೇಳುವುದೇ ಅಪರೂಪ. ದೊಡ್ಡ ದಿನ ಹತ್ತಿರ ಬಂದು ಒಳಗೊಳಗೇ ಪುಕಪುಕ ಎನ್ನುತ್ತಿತ್ತೇನೋ.

"ಭಾರೀ ಲಾಯ್ಕ್ ಉಂಟು," ಎಂದಳು ಶರ್ಮಿಳಾ. "ಅಜ್ಜನನ್ನೇ ನೋಡಿದ ಹಾಗೆ ಆಯ್ತು."

ಶನಿವಾರ ಶ್ರೀಯಾ ಬ್ಯಾಂಡಿನವರ ಜೊತೆ ಬೆಳಿಗ್ಗೆಯೇ ಹೊರಟುಹೋಗಿದ್ದಳು. ಅಂದಿನ ಔತಣಕ್ಕೆ ಅವರದ್ದೇ ವಾದ್ಯ. ಇಲ್ಲದಿದ್ದರೆ ಮನೆಯಲ್ಲೇ ಅಪ್ಪನನ್ನು ತಡೆಯುತ್ತಿದ್ದಳು. ಶರ್ಮಿಳಾ ಇದನ್ನೂ ಯೋಚಿಸಿದ್ದಳು.

ಉರಿಬಿಸಿಲಿನಲ್ಲಿ ಉಣ್ಣೆಯ ಕಿಲ್ಟು, ಕರಿ ಕೋಟು. ಬೆವರು ಒರೆಸಿಕೊಳ್ಳುತ್ತಾ ಜಯಕರ ಹಾಲಿಗೆ ಕಾಲಿಟ್ಟ. ಸ್ಕಾಟ್ಲೆಂಡಿನವರು ಮಾಮೂಲಿ ಪ್ಯಾಂಟು ಸೂಟಿನಲ್ಲಿ ಬಂದಿದ್ದರು. ಎಲ್ಲರ ತಲೆ ಬಾಗಿಲ ಕಡೆ ತಿರುಗಿತು. ಆ ಮೇಲೆ ಕೀರ್ತಿರಾಜ್ ಗಟ್ಟಿಯಾಗಿ, "ಏನ್ರೀ ಜಯಕರ್, ಪ್ಯಾಂಟ್ ಮನೇಲೇ ಬಿಟ್ಟು ಬಂದ್ರಾ?" ಎಂದರು, ಅತಿಥಿಗಳಿಗಾಗಿ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು. ಮೇಜಿನಿಂದ ಮೇಜಿಗೆ ನಗು ಹರಡಿತು. ಅತಿಥಿಗಳಲ್ಲಿ ಒಬ್ಬಾಕೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು.

ಶರ್ಮಿಳಾಳಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಮೈಯೆಲ್ಲ ತಂಪಾಯಿತು. ತುದಿಯಲ್ಲಿ ನಿಂತ ಬ್ಯಾಂಡಿನ ಸಾಲಿನಲ್ಲಿ ಶ್ರೀಯಾಳ ಮುಖ ಕೆಂಪಗಾದದ್ದು ಕಂಡಾಗ ಮಾತ್ರ ಕಣ್ಣು ತಪ್ಪಿಸಿದಳು.

ಊಟದ ಹೊತ್ತಿಗೆ, ಡೀನ್ ಹೆಸರು ಹೇಳುವ ಮೊದಲೇ, ಜಯಕರ ವೇದಿಕೆಯತ್ತ ನಡೆದ. ಕೀರ್ತಿರಾಜ್ ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ನೀವು ಕೂತ್ಕೊಳ್ಳಿ ಲಾ," ಎಂದರು ಪೆನಾಂಗಿನವರ ರಾಗದಲ್ಲಿ. " ಫೋಟೋಗೆ ಇದು ಸರಿ ಹೋಗಲ್ಲ." ಆಮೇಲೆ ಮೈಕಿನಲ್ಲಿ ಲೋಕೇಶ ಎಂಬ ಕಿರಿಯ ಮೇಷ್ಟ್ರ ಹೆಸರು ಕೇಳಿಸಿತು. ಆ ಹೆಸರು ಮೊದಲೇ ತೀರ್ಮಾನವಾಗಿತ್ತೋ, ಕೋಟು ನೋಡಿ ಬದಲಾಯಿತೋ, ಯಾರಿಗೆ ಗೊತ್ತು. ಕೋಟೇ ಕಾರಣ ಎನ್ನುವುದರಲ್ಲಿ ಶರ್ಮಿಳಾಳಿಗಂತೂ ಅನುಮಾನವೇ ಇರಲಿಲ್ಲ. ಜಯಕರ ಎರಡೂ ಕೈಯಲ್ಲಿ ಕೋಟಿನ ಅಂಚು ಹಿಡಿದು ಮೊಣಕಾಲಿನ ಮೇಲೆ ಎಳೆದುಕೊಳ್ಳುತ್ತಾ, ಪಕ್ಕದವರು ನಕ್ಕಾಗಲೆಲ್ಲ ತಾನೂ ನಗುತ್ತಿದ್ದ.

ಮನೆಗೆ ಹಿಂದಿರುಗಲು ಕಾರು ಹೊರಡಿಸುವ ಮೊದಲು ಜಯಕರ ಕೋಟಿನ ಗುಂಡಿ ಬಿಚ್ಚಿಕೊಂಡ.

"ಅಷ್ಟು ಕೆಟ್ಟದಾಗಿ ಕಾಣ್ತಿತ್ತಾ ಶರ್ಮಿಳಾ?" ಎಂದು ದಾರಿಯಲ್ಲಿ ಕೇಳಿದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಶರ್ಮಿಳಾ ಅಲ್ಲಿಗೆ ನಿಲ್ಲಿಸಬಹುದಿತ್ತು.

"ಛೆ, ಇಲ್ಲಪ್ಪ," ಎಂದಳು. "ಅವರಿಗೆ ಎಂತ ಗೊತ್ತುಂಟು. ಬರುವ ವರ್ಷಾನೂ ಇದನ್ನೇ ಹಾಕಿ."

ಹಿಂದಿನ ಸೀಟಿನಲ್ಲಿ ಶ್ರೀಯಾ ಇನ್ನೂ ಬ್ಯಾಂಡಿನ ಉಡುಪಿನಲ್ಲೇ ಇದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತನ್ನ ಜಾಕೆಟಿನ ಅಂಚನ್ನು ಎಳೆದು ತೋರಿಸಿ, "ಅಮ್ಮಾ, ಯು ಐರನ್ ದಿಸ್ ಎವ್ರಿ ವೀಕ್," ಎಂದಳು.

ಸಿಗ್ನಲಿನಲ್ಲಿ ಕಾರು ನಿಂತಾಗ ಜಯಕರ ಹಿಂದಕ್ಕೆ ತಿರುಗಿ ಮಗಳನ್ನು ನೋಡಿದ. ಜಾಕೆಟ್ ಸೊಂಟಕ್ಕೆ ನಿಂತಿತ್ತು. ಕಿಲ್ಟ್ ಪೂರ್ತಿ ಕಾಣುತ್ತಿತ್ತು. ಅವನು ಕೂಗಾಡಲಿಲ್ಲ. ಕೂಗಾಡಿದರೆ ಕೊಡಲು ಶರ್ಮಿಳಾ ಒಂದು ವಾರದಿಂದ ಉತ್ತರ ತಯಾರಿಟ್ಟುಕೊಂಡಿದ್ದಳು.

"ಅವತ್ತಿನ ಸೋಫಾದ ಮಾತಿಗಾ?" ಎಂದ.

ಅವನಿಗೆ ಅದು ಮರೆತೇಹೋಗಿದೆ ಎಂದುಕೊಂಡಿದ್ದಳು. ನೆನಪಿಟ್ಟುಕೊಂಡೂ ಇಷ್ಟು ದಿನ ಸುಮ್ಮನಿದ್ದನಲ್ಲ ಎಂದು ಅವಳಿಗೆ ಮೈ ಉರಿಯಿತು.

"ಅದು ತಮಾಷೆಗೆ ಹೇಳಿದ್ದು ಮಾರಾಯ್ತಿ. ನೀನೂ ನಕ್ಕಿದ್ದಿಯಲ್ಲ."

"ಇವತ್ತು ನೀವೂ ನಕ್ಕಿದ್ರಲ್ಲ," ಎಂದಳು ಶರ್ಮಿಳಾ.

ಹಿಂದೆ ಶ್ರೀಯಾ ಜಾಕೆಟ್ ಬಿಚ್ಚಿ, ಮಡಚಿ, ತನ್ನ ಬ್ಯಾಗಿನೊಳಗೆ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಅದನ್ನು ಇಸ್ತ್ರಿಗೆಂದು ಅಮ್ಮನ ಕೈಗೆ ಕೊಡಲಿಲ್ಲ.