ಹತ್ತೂವರೆ ಅಡಿ

ಹೊರಗಿನವರ ಮೇಲೆ ಹೊಟ್ಟೆಕಿಚ್ಚಾದರೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳಬಹುದು. ಕಟ್ಟಿಕೊಂಡ ಹೆಂಡತಿಯ ಮೇಲೆಯೇ ಆದರೆ ಎಲ್ಲಿಗೆ ಹೋಗುವುದು? ಅದೇ ಅಡುಗೆಮನೆ, ಅದೇ ಪಾತ್ರೆಯ ಚಹಾ. ಹೋದ ಡಿಸೆಂಬರಿನಲ್ಲಿ ಎಂಟು ದಿನ ನಾನು ಹಾಗೆ ಬದುಕಿದೆ.

ನಾನು ವಸಂತ ಪೇಂಡಸೆ. ಪುಣೆಯಲ್ಲಿ ರಸ್ತೆ ವಿಭಾಗದ ನಕ್ಷೆಗಾರನಾಗಿ ಮೂವತ್ತನಾಲ್ಕು ವರ್ಷ ಕಳೆದವನು. ಯೋಚಿಸುವವರು ಬೇರೆ, ಸಹಿ ಹಾಕುವವರು ಬೇರೆ, ನಾನು ಗೆರೆ ಎಳೆಯುವವನು. ನಿವೃತ್ತನಾದ ಎರಡು ವರ್ಷಕ್ಕೆ ನಮ್ಮ ಪೇಟೆಯ ಓಣಿಗಳನ್ನು ಸುಧಾರಿಸುವ ಪಾಲಿಕೆಯ ಯೋಜನೆ ಬಂತು. ಕಾಲುದಾರಿ ಹೇಗಿರಬೇಕು, ಕಟ್ಟೆ ಎಲ್ಲಿ, ಗಿಡ ಎಲ್ಲಿ ಎಂದು ಓಣಿಯವರೇ ಹೇಳಬೇಕು. ಒಪ್ಪಿಗೆಯಾದದ್ದನ್ನು ಕಟ್ಟಿಕೊಡುತ್ತೇವೆ, ಓಣಿಯ ಬಾಯಲ್ಲೊಂದು ಕಲ್ಲು ನೆಟ್ಟು ಯೋಜಿಸಿದವರ ಹೆಸರು ಕೆತ್ತಿಸುತ್ತೇವೆ ಎಂದರು. ಕಲ್ಲಿನ ಮೇಲೆ ಹೆಸರು! ಆ ಮಾತು ಕಿವಿಗೆ ಬಿದ್ದಂದಿನಿಂದ ನನಗೆ ಬೇರೆ ಯಾವುದೂ ರುಚಿಸಲಿಲ್ಲ.

ಮೂರು ತಿಂಗಳು ಕೂತು ನಕ್ಷೆ ಬರೆದೆ. ಒಂದು ಗೆರೆ ದಪ್ಪವಾದರೆ ಇಡೀ ಹಾಳೆ ಹರಿದು ಹಾಕಿದೆ. ಒಮ್ಮೆ ಹೆಂಡತಿ ಕುಂದಾ ಚಹಾ ಇಟ್ಟು ಬಗ್ಗಿ ನೋಡಿದಳು.

“ರೀ, ಗದ್ರೆ ಆಜಿ ಎಲ್ಲಿ ಕೂಡಬೇಕು ಇದರಾಗ?”

“ಮೂವತ್ತು ಅಡಿಗೊಂದು ಬೆಂಚು ಅದ. ಎಲ್ಲಿ ಬೇಕಾದಲ್ಲಿ ಕೂಡ್ಲಿ.”

“ಆ ಮುದುಕಿಗೆ ಅಷ್ಟು ನಡ್ಯಾಕ ಆಗಂಗಿಲ್ಲಲ್ಲ.”

“ನಿನಗ ಸ್ಕೇಲ್ ಅಂದ್ರ ಏನಂತ ಗೊತ್ತದ ಏನು?” ಎಂದೆ. ಅವಳು ಒಳಗೆ ಹೋಗಿ ಥಾಲಿಪಟ್ಟು ತಟ್ಟತೊಡಗಿದಳು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಯೋಜನೆಯ ಎಂಜಿನಿಯರ್ ಋತುಜಾ ಸಾಳುಂಖೆ ಬಂದಳು. ಇಪ್ಪತ್ತೆಂಟರ ಹುಡುಗಿ, ಕೈಯಲ್ಲಿ ಟೇಪು. ಓಣಿಯವರೆಲ್ಲ ಸೇರಿದರು. ಹಿಟ್ಟಿನ ಗಿರಣಿಯ ಸಬನೀಸನ ಮೋಟಾರ್‌ಸೈಕಲ್ ಸೀಟಿನ ಮೇಲೆ ನನ್ನ ನಕ್ಷೆ ಬಿಡಿಸಿಟ್ಟೆ. ನಾಲ್ಕು ತಲೆ ಬಗ್ಗಿದರೆ ಐದನೆಯವರಿಗೆ ಕಾಣದು.

“ನಮ್ಮ ಬಾಗಲಾ ಎಲ್ಲದಪ್ಪಾ?” ಎಂದಳು ಗದ್ರೆ ಆಜಿ. ತೋರಿಸಿದೆ. “ಇದಾ? ಇದರಾಗ ಇರುವಿನೂ ತೂರಂಗಿಲ್ಲ.”

ಸಬನೀಸ ಹಾಳೆಯನ್ನು ಬೆಳಕಿಗೆ ಹಿಡಿದ. “ಪೇಂಡಸೆ, ಇದು ನಮ್ಮ ಓಣಿನೋ, ನಿಮ್ಮ ಹೊಟ್ಟಿ ಎಕ್ಸ್‌ರೇನೋ?”

ಎಲ್ಲರೂ ನಕ್ಕರು. ಅಷ್ಟರಲ್ಲಿ ಕುಂದಾ ಮನೆಯೊಳಗಿಂದ ರಂಗೋಲಿ ಪುಡಿಯ ಡಬ್ಬಿ ತಂದಳು. ದಿನಾ ಹೊಸ್ತಿಲ ಮುಂದೆ ನಾಲ್ಕು ಎಳೆ ಹಾಕುವವಳು, ಅಂದು ಸೆರಗು ಸಿಕ್ಕಿಸಿಕೊಂಡು ನಡುಬೀದಿಗೆ ಇಳಿದಳು. ಮುಷ್ಟಿಯಿಂದ ಪುಡಿ ಸುರಿಯುತ್ತ ನಡೆದಳು. “ಇಲ್ಲಿ ತನಕ ಕಾಲುದಾರಿ. ಇದು ಕಾಯಿಪಲ್ಲೆ ಬುಟ್ಟಿ ಇಡೋ ಜಾಗ. ಆಜಿ, ಬರ್ರಿ, ಕುರ್ಚಿ ಇಡ್ತೀನಿ, ಕೂತು ನೋಡ್ರಿ, ಬಿಸಲು ಬರ್ತದನೋ ಇಲ್ಲೋ.” ಆಜಿ ಬಿಳಿ ಗೆರೆಯೊಳಗೆ ಕೂತು, ಇನ್ನೊಂದಿಷ್ಟು ಆಚೆ ಎಂದಳು. ಕುಂದಾ ಕಾಲಿನಿಂದ ಅಳಿಸಿ ಮತ್ತೆ ಹಾಕಿದಳು. ಗಂಟೆಯೊಳಗೆ ಓಣಿಯ ತಿರುವಿನವರೆಗೆ ಯೋಜನೆ ನೆಲದ ಮೇಲೆ ಬಿದ್ದಿತ್ತು, ಓಣಿಯೇ ಅದರೊಳಗೆ ಓಡಾಡುತ್ತಿತ್ತು. ಯಾವ ಗೆರೆಯೂ ನೆಟ್ಟಗಿರಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ.

ಋತುಜಾಳ ಮುಖ ಅರಳಿತು. “ಕಾಕೂ, ಇದು ಎಂಟು ದಿನ ಹೀಂಗ ಇರ್ಲಿ. ಎಲ್ಲಾರೂ ಅಡ್ಡಾಡಿ ನೋಡ್ರಿ. ಮುಂದಿನ ಭಾನುವಾರ ಅಳದು, ಇದನ್ನ ಪಾಸ್ ಮಾಡಸ್ತೀನಿ.” ನನ್ನ ಕಡೆ ತಿರುಗಿ, “ಕಾಕಾ, ನಿಮ್ಮ ಡ್ರಾಯಿಂಗ್ ಭಾಳ ಚಂದ ಅದ,” ಎಂದಳು, ಸೋತ ಹುಡುಗನಿಗೆ ಪೆಪ್ಪರ್‌ಮಿಂಟು ಕೊಟ್ಟ ಹಾಗೆ.

ನಾನು ನಕ್ಷೆಯನ್ನು ಸುರುಳಿ ಸುತ್ತಿದೆ. ಸುಳ್ಳೇಕೆ? ಅವಳು ಗೆದ್ದದ್ದಕ್ಕಿಂತ, ಗೆಲ್ಲಬೇಕೆಂಬ ಆಸೆಯೂ ಇಲ್ಲದೆ ಗೆದ್ದದ್ದು ಉರಿಯಿತು. ಸ್ಕೂಟರಿನವರು ಅವಳ ಗೆರೆ ತುಳಿಯದೆ ಸುತ್ತಿ ಹೋಗುವರು. ಅವಳು ಬೆಳಿಗ್ಗೆ ಎದ್ದು, ಅಳಿಸಿದ ಕಡೆ ತಿದ್ದುವಳು. “ವಹಿನಿ, ನಿಮ್ಮ ಹೆಸರಿಂದನ ಓಣಿ ಕರೀತೀವಿ ಇನ್ನ,” ಎಂದು ಸಬನೀಸ ಗಿರಣಿಯಿಂದ ಅವಳಿಗೆ ಕೂಗುವನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಓಣಿಗೆ ನಮ್ಮ ಹಿತ್ತಲ ಗಿಡವೇ ಮದ್ದಾಗಿತ್ತು, ನಾನು ಬೇಲಿಯಾಗಿದ್ದೆ.

ಮಂಗಳವಾರ ಹಾಲಿಗೆ ಹೋಗುವಾಗ ತಿರುವಿನಲ್ಲಿ ನಿಂತೆ. ಅವಳ ಕಟ್ಟೆಯ ಗೆರೆ ಬೀದಿಯೊಳಗೆ ಚಾಚಿತ್ತು. ಸುಮ್ಮನೆ ನಡೆದವನಂತೆ ಪಾದಕ್ಕೆ ಪಾದ ಹಚ್ಚಿ ಉಳಿದ ದಾರಿಯನ್ನು ಅಳೆದೆ. ಹತ್ತೂವರೆ ಅಡಿ. ಅಂಥ ತಿರುವಿನಲ್ಲಿ ಅಗ್ನಿಶಾಮಕ ಗಾಡಿ ತಿರುಗಲು ಹನ್ನೆರಡು ಬೇಕು. ನೂರಾರು ನಕ್ಷೆಗಳ ಮೇಲೆ ಆ ಅಂಕಿ ಬರೆದವನು ನಾನು. ಭಾನುವಾರ ಟೇಪು ಹಿಡಿದರೆ ಕುಂದಾಳ ಯೋಜನೆ ಮುಗಿಯಿತು, ಉಳಿಯುವುದು ನನ್ನದು. ಹಾಲು ತರದೆಯೇ ಹಾಲು ಕುಡಿದಷ್ಟು ಸಂತೋಷವಾಯಿತು.

ನಾನು ಬಾಯಿ ಬಿಡಲಿಲ್ಲ. ಗುರುವಾರ ಅವಳೇ ಕೇಳಿದಳು. “ರೀ, ಏನರೆ ತಪ್ಪಿದ್ರ ಹೇಳ್ರಿ. ನಿಮಗ ಗೊತ್ತಿರ್ತದ.”

“ಎಲ್ಲಾ ಬರೋಬರಿ ಅದ,” ಎಂದೆ, ಅವಲಕ್ಕಿಯಿಂದ ತಲೆ ಎತ್ತದೆ.

ಭಾನುವಾರ ಋತುಜಾ ಟೇಪಿನ ಒಂದು ತುದಿ ಸಬನೀಸನ ಕೈಗೆ ಕೊಟ್ಟು ಅಳೆಯುತ್ತ ಬಂದಳು. ತಿರುವಿನಲ್ಲಿ ನಿಂತಳು. ಮತ್ತೊಮ್ಮೆ ಅಳೆದಳು. “ಕಾಕೂ, ಇಲ್ಲಿ ಅಗ್ನಿಶಾಮಕ ಗಾಡಿ ತಿರುಗಂಗಿಲ್ಲ. ಹೀಂಗಿದ್ರ ಮ್ಯಾಲಿನವ್ರು ತಿರುಗಿ ಕಳಸ್ತಾರ. ಇವತ್ತ ಕೊಡಬೇಕು ನಾನು, ಹೊಸದಾಗಿ ಲೆಕ್ಕಾ ಹಾಕಾಕ ವ್ಯಾಳ್ಯಾ ಇಲ್ಲ.” ನನ್ನ ಕಡೆ ತಿರುಗಿ, “ಕಾಕಾ, ನಿಮ್ಮ ಡ್ರಾಯಿಂಗ್ ತರ್ರಿ,” ಎಂದಳು.

ನಕ್ಷೆ ನನ್ನ ಕಂಕುಳಲ್ಲೇ ಇತ್ತು. ಮೊದಲೇ ತಂದಿದ್ದೆ.

ಸಬನೀಸ ಅದನ್ನು ನೋಡಿದ. “ರಸ್ತೆ ಆಫೀಸಿನಾಗ ಮುದುಕ ಆದವ್ರು ಮನಿಯಾಗ ಅದಾರ. ಎಂಟು ದಿನದಾಗ ಒಂದು ಮಾತು ಹೇಳಲಿಲ್ಲ ಏನ್ರಿ ವಹಿನಿ?”

ಓಣಿಯೆಲ್ಲ ನನ್ನ ಕಡೆ ತಿರುಗಿತು. ಕುಂದಾ ಕೂಡ ನನ್ನ ಮುಖವನ್ನೊಮ್ಮೆ, ಕಂಕುಳಲ್ಲಿನ ಸುರುಳಿಯನ್ನೊಮ್ಮೆ ನೋಡಿದಳು.

“ಹೇಳಿದ್ರು,” ಎಂದಳು. “ಮೊದಲನೆ ದಿನಾನ ಹೇಳಿದ್ರು. ನಾನ ಕೇಳಲಿಲ್ಲ.”

ಗದ್ರೆ ಆಜಿ ಅವಳ ಕೈ ಹಿಡಿದು, “ಇರ್ಲಿ ಬಿಡವಾ, ನೀ ಕೂಡಿಸಿದ ಬಿಸಲು ನನಗ ಸಾಕು,” ಎಂದಳು. ಎಲ್ಲರ ಮುಖದಲ್ಲೂ ಅವಳ ಮೇಲಿನ ಅಕ್ಕರೆ ಇನ್ನಷ್ಟು ಹೆಚ್ಚಿತು. ಸೋತೂ ಅವಳೇ ದೊಡ್ಡವಳಾದಳು. ನನ್ನ ಮಾನ ಅವಳ ಸೆರಗಿನ ಮರೆಯಲ್ಲಿ ನಿಂತಿತ್ತು.

“ಸುಳ್ಳು,” ಎಂದೆ ನಾನು. “ನಾ ಹೇಳಿಲ್ಲ. ಮಂಗಳವಾರದಿಂದ ನನಗ ಗೊತ್ತಿತ್ತು. ಆಕಿ ಕೇಳಿದಾಗೂ ಮುಚ್ಚಿಟ್ಟೆ.”

ಕುಂದಾ ತಿರುವಿಗೆ ಹೋಗಿ, ಕಟ್ಟೆಯ ಅಂಚನ್ನು ಕಾಲಿನಿಂದ ಅಳಿಸಿ, ನನ್ನ ಕಡೆ ನೋಡದೆ ಕೇಳಿದಳು. “ಎಷ್ಟು ಹಿಂದ?”

“ಒಂದೂವರೆ ಅಡಿ.”

ಹಿಂದಕ್ಕೆ ಗೆರೆ ಹಾಕಿದಳು. ಋತುಜಾ ಅಳೆದು, ಸರಿ ಎಂದು ಬರೆದುಕೊಂಡಳು. ಐದು ನಿಮಿಷದ ಕೆಲಸ. ಕಲ್ಲಿಗೆ ಕುಂದಾ ಪೇಂಡಸೆ ಎಂಬ ಹೆಸರು ಹೋಯಿತು.

ಸಬನೀಸ ನನ್ನ ಬೆನ್ನು ತಟ್ಟಿ, “ನಾಲ್ಕು ಮಂದಿ ಎದುರು ತಪ್ಪು ಒಪ್ಪೋದು ಸಣ್ಣ ಮಾತಲ್ಲ,” ಎಂದ. ನಾನು ಮನೆಗೆ ಬಂದೆ.

ಕುಂದಾ ನಳದ ಕೆಳಗೆ ಕೈ ತೊಳೆಯುತ್ತಿದ್ದಳು.

“ಮಂಗಳವಾರ ನೀವು ಹೆಜ್ಜಿ ಅಳಿಯೋದು ಕಿಡಕಿಯಿಂದ ನೋಡೀನಿ,” ಎಂದಳು. “ಯಾಕಂತ ತಿಳೀಲಿಲ್ಲ. ಅದಕ್ಕ ಗುರುವಾರ ಕೇಳಿದೆ.”

ನಾನು ನಕ್ಷೆಯ ಸುರುಳಿಯನ್ನು ಮೂಲೆಗೆ ಒರಗಿಸಿದೆ.

“ನಿಮಗ ಪಾಪ ಕಾಡ್ತು ಅಂತ ಓಣಿಯವ್ರು ತಿಳ್ಕೊಂಡಾರ. ನಾ ಹಂಗ ತಿಳ್ಕೊಂಡಿಲ್ಲ.” ನಳ ನಿಲ್ಲಿಸಿದಳು. “ನಿಮ್ಮ ಸಲುವಾಗಿ ಒಂದು ಸುಳ್ಳು ಹೇಳಿದೆ. ಎಲ್ಲಾರ ಎದುರು ನಾ ಅಷ್ಟು ಒಳ್ಳೇಕಿ ಆಗೋದೂ ತಡಕೊಳ್ಳಾಕ ಆಗಲಿಲ್ಲ ನಿಮಗ. ಹೌದಲ್ಲೋ?”

ಇಲ್ಲ ಎನ್ನಲು ಬಾಯಿ ತೆರೆದೆ.

“ಹೌದು,” ಎಂದೆ.