ಭಾವನ ಎರಡು ಪದಗಳು

ಇದು ನಿಜವಾಗಿ ನಡೆದದ್ದು. ನೀವು ನಂಬುತ್ತೀರೋ ಇಲ್ಲವೋ, ಭಾವ ಆಗಲೇ ಊಹಿಸಿಟ್ಟಿರುತ್ತಾನೆ.

ಊಹೆಯೇ ಅವನ ಕಸುಬು. ಕಂಪನಿ ಕಟ್ಟುತ್ತಿದ್ದ ಹೊಸ ಪ್ರೋಗ್ರಾಮಿಂಗ್ ಭಾಷೆಗೆ ಅವನು ಎರಡು ಪದ ಸೇರಿಸಿದ್ದ: ‘ಬಹುಶಃ’, ‘ಅಪರೂಪ’. ಪ್ರೋಗ್ರಾಮಿನ ದಾರಿ ಕವಲೊಡೆಯುವಲ್ಲಿ, ಯಾವ ಕಡೆ ಹೋಗುವುದು ಹೆಚ್ಚು, ಯಾವ ಕಡೆ ಕಡಿಮೆ ಎಂದು ತಿಳಿಸಲು ಇವನ್ನು ಬರೆದರೆ, ಪ್ರೊಸೆಸರ್ ಸರಿಯಾದ ದಾರಿಯನ್ನು ಮುಂಚೆಯೇ ಹಿಡಿಯಬೇಕು. ತಪ್ಪು ದಾರಿ ಹಿಡಿದರೆ ಮಾಡಿದ್ದನ್ನೆಲ್ಲ ಚೆಲ್ಲಿ ವಾಪಸು ಬರಬೇಕು, ಹೊತ್ತು ದಂಡ. ಈ ಪದಗಳಿಗಾಗಿ ಭಾವ ಬಡ್ತಿ ಬಿಟ್ಟ, ಮಗಳ ಶಾಲೆಯ ನಾಟಕ ಬಿಟ್ಟ, ಇವು ಯಾರಿಗೂ ಬೇಡವಾಗುತ್ತವೆ ಎಂದ ಹೆಂಡತಿಯ ಜೊತೆ ಮಾತೂ ಬಿಟ್ಟ. ಅವು ಭಾಷೆಯಲ್ಲಿ ಉಳಿಯುತ್ತವೋ ಇಲ್ಲವೋ, ಶುಕ್ರವಾರದ ಸಭೆಯಲ್ಲಿ ತೀರ್ಮಾನ.

ಅದೇ ತಂಡದಲ್ಲಿ ಅವನನ್ನು ಭಾವ ಎನ್ನುವ ಮೈದುನ, ಅಂದರೆ ಹೆಂಡತಿಯ ತಮ್ಮನೂ ಇದ್ದ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಭಾವನ ದನಿ ತೆಗೆಯುವುದರಲ್ಲಿ ಎತ್ತಿದ ಕೈ: “ನಾ ಮೊದ್ಲೇ ಹೇಳಿರ್ಲಿಲ್ವಾ?”

ಸಭೆಯ ಬೆಳಿಗ್ಗೆ ಮೈದುನ ಪರೀಕ್ಷೆಯ ಪ್ರೋಗ್ರಾಮಿನಲ್ಲಿ ಎರಡೂ ಪದಗಳನ್ನು ಅದಲು ಬದಲು ಮಾಡಿಟ್ಟ. ಸಭೆಯಲ್ಲಿ ಓಡಿಸಿದಾಗ ಪ್ರೋಗ್ರಾಮಿನ ಓಟ ಕುಂಟುತ್ತದೆ, ಭಾವ ಬೆವರುತ್ತಾನೆ, ಆಮೇಲೆ ಸರಿಮಾಡಿ ಓಡಿಸಿದರಾಯಿತು ಎಂದುಕೊಂಡಿದ್ದ.

ಓಟ ಕುಂಟಲಿಲ್ಲ. ಪರದೆಯ ಮೇಲೆ ಹಿಂದಿನ ವಾರದ್ದೇ ವೇಗ.

“ಚೆನ್ನಾಗಿದೆಯಲ್ರೀ, ಇಟ್ಕೊಳ್ಳೋಣ,” ಎಂದರು ಮುಖ್ಯಸ್ಥೆ.

ಭಾವ ಉಬ್ಬಿಹೋದ. “ನಾ ಮೊದ್ಲೇ ಹೇಳಿರ್ಲಿಲ್ವಾ?”

ಮೈದುನನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. “ಭಾವ, ತಮಾಷೆಗೆ ಅಂತ... ಪದಗಳನ್ನ ಉಲ್ಟಾ ಮಾಡಿದ್ದೆ.”

“ಎಷ್ಟು ಕಡೆ?”

“ಎಲ್ಲಾ ಕಡೆ.”

ಭಾವ ಪದಗಳನ್ನು ಸರಿಮಾಡಿ ಓಡಿಸಿದ. ಅದೇ ವೇಗ. ಎರಡನ್ನೂ ಅಳಿಸಿ ಓಡಿಸಿದ. ಅದೇ. ಅವನ ಹಳೆಯ ಯಂತ್ರದಲ್ಲಿ ಪದಗಳಿಂದ ವ್ಯತ್ಯಾಸವಾಗಿದ್ದು ಸುಳ್ಳಲ್ಲ. ಹೊಸ ಯಂತ್ರ ಬಂದಾಗ ವೇಗ ಇನ್ನೂ ಏರಿತ್ತು. ಅದೂ ತನ್ನ ಪದಗಳದೇ ಮಹಿಮೆಯೆಂದು ನಂಬಿ, ಅವುಗಳನ್ನು ತೆಗೆದು ನೋಡುವ ಗೋಜಿಗೇ ಅವನು ಹೋಗಿರಲಿಲ್ಲ. ಹೊಸ ಪ್ರೊಸೆಸರ್ ಓಡುತ್ತ ಓಡುತ್ತ ದಾರಿಯನ್ನು ತಾನೇ ಕಲಿಯುತ್ತದೆ. ಯಾರ ಬುದ್ಧಿಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

“ತೆಗೆದ್ಬಿಡಿ ಮೇಡಂ,” ಎಂದ ಭಾವ. “ನಾನು ಹೇಳಿದ್ದನ್ನ ಅದು ಕೇಳಿಸ್ಕೊಂಡೇ ಇಲ್ಲ.”

ಮೈದುನ ಕ್ಷಮೆ ಕೇಳಬೇಕೆಂದು ಬಾಯಿ ತೆರೆದ; ಗಾಬರಿಗೆ ಕೈ ಕನ್ನಡಕಕ್ಕೆ ಹೋಯಿತು, ಹೊರಟದ್ದು ಭಾವನ ದನಿ: “ನಾ ಮೊದ್ಲೇ ಹೇಳಿರ್ಲಿಲ್ವಾ?”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ.

“ನಿಮ್ಮಕ್ಕಂಗೆ ಹೇಳ್ಬೇಡ ಕಣೋ,” ಎಂದ ಭಾವ. “ಅವಳು ನಿಜವಾಗ್ಲೂ ಮೊದ್ಲೇ ಹೇಳಿದ್ಲು.”

ಹೇಳಿ ತಾನೇ ಎಲ್ಲರಿಗಿಂತ ಜೋರಾಗಿ ನಗತೊಡಗಿದ. ಉಳಿದವರು ನಿಲ್ಲಿಸಿದರು. ಅವನು ನಗುತ್ತಲೇ ಇದ್ದ.