ಅಪ್ಪಿಯ ಫೋನಿನ ಹದಿನೈದು ಅಂಕೆ

ಡೊಂಬಿವಲಿಯ ಅಪ್ಪಿಗೆ ಹೆಸರು ಓದುವುದಕ್ಕಿಂತ ಮುಖ ಓದುವುದು ಸುಲಭ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅದಕ್ಕೇ ಮೊಮ್ಮಗಳು ನಿಕಿತಾ ಅವಳ ಮೊಬೈಲಿನಲ್ಲಿ ಒಂದೊಂದು ನಂಬರಿಗೂ ಒಂದೊಂದು ಫೋಟೋ ಸೇರಿಸಿಕೊಟ್ಟಿದ್ದಳು. ಐರೋಲಿಯ ಶೆಟ್ಟರಿಗೆ ಅವರ ನೀಲಿ ಬಾಗಿಲು, ಮುಂಬ್ರಾದ ಟೈಲರಮ್ಮನಿಗೆ ಹೊಲಿಗೆ ಮಿಷನ್ನು, ಹೀಗೆ ನಲವತ್ತೆರಡು ಮನೆ. ಪ್ರತಿ ವರ್ಷ ಕೃಷ್ಣಾಷ್ಟಮಿಗೆ ಈ ಮನೆಗಳಿಗೆಲ್ಲ ಅಪ್ಪಿಯ ಕೈಯ ಮೂಡೆಯೇ ಆಗಬೇಕು. ಎಲೆಯ ಕೊಟ್ಟೆಯಲ್ಲಿ ಬೆಂದ ಆ ಉದ್ದನೆಯ ಇಡ್ಲಿಗೆ ಒಂದು ವಾರ ಮೊದಲೇ ಫೋನು ಬರತೊಡಗುತ್ತದೆ.

ಈ ಸಲ ಅಷ್ಟಮಿಗೆ ಎಂಟು ದಿನ ಇದೆ ಎನ್ನುವಾಗ ಫೋನು ಮೂಕವಾಯಿತು. ನಿಧಾನವಾಗಿದೆಯೆಂದು ಗಂಡ ಚೆನ್ನಯ ಅದನ್ನು ಸ್ಟೇಷನ್ ಬದಿಯ ರಿಪೇರಿಯವನಿಗೆ ಕೊಟ್ಟು ಹೊಸ ಸಾಫ್ಟ್‌ವೇರ್ ಹಾಕಿಸಿ ತಂದಿದ್ದ. ಫೋಟೋಗಳೇನೋ ಇದ್ದವು, ನೆಟ್‌ವರ್ಕ್ ಮಾತ್ರ ಹೋಗಿತ್ತು. ಸಿಮ್ಮನ್ನು ಚೆನ್ನಯನ ಬಟನ್ ಫೋನಿಗೆ ಹಾಕಿದರು. ಅದರಲ್ಲಿ ಫೋಟೋ ಬರುವುದಿಲ್ಲ. ಬಂದ ಮೊದಲ ಕರೆಗೇ ಅಪ್ಪಿ ಬೇರೆ ಯಾರೋ ಎಂದುಕೊಂಡು, ಇನ್ನೂ ಮದುವೆಯಾಗದ ಹುಡುಗಿಯ ತಾಯಿಯನ್ನು "ಬಾಣಂತಿ ಹೇಗಿದ್ದಾಳೆ?" ಎಂದು ಕೇಳಿಬಿಟ್ಟಳು.

"ಒಂದು ಆರ್ಡರು ಹೋಯಿತು," ಎಂದ ಚೆನ್ನಯ.

"ನೀವು ಮಾತಾಡಬೇಡಿ. ಎಲ್ಲ ನಿಮ್ಮ ಉಪಕಾರವೇ."

ಹೊಸ ಫೋನು ಕೊಂಡರೆ ಅಕ್ಕಿ, ಉದ್ದಿಗೆ ಏನೂ ಉಳಿಯದು. ನಿಕಿತಾ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿ ನೋಡಿದಳು. ಹದಿನೈದು ಅಂಕೆ ಇರಬೇಕಾದಲ್ಲಿ ಬರೀ ಸೊನ್ನೆಗಳ ಸಾಲು.

"ಅಜ್ಜಿ, ಹರ್ ಫೋನ್ ಕಾ ಏಕ್ ನಂಬರ್ ಹೋತಾ ಹೈ. ಸಿಮ್ಮಿನದಲ್ಲ, ಫೋನಿನದೇ ಗುರುತಿನ ನಂಬರು, ಫ್ಯಾಕ್ಟರಿಯಲ್ಲೇ ಕೊಡ್ತಾರೆ. ನಿಮ್ಮದು ಅಳಿಸಿಹೋಗಿದೆ, ಅದಕ್ಕೇ ನೆಟ್‌ವರ್ಕ್ ಇಲ್ಲ."

ಮೂವರೂ ರಿಪೇರಿಯವನಲ್ಲಿಗೆ ನಡೆದರು. ಅವನು ತಲೆಯೆತ್ತದೆ ಹೇಳಿದ: "ಟೆನ್ಶನ್ ನಕೊ ಆಂಟಿ, ಬೇರೆ ನಂಬರ್ ಹಾಕಿಕೊಡ್ತೇನೆ. ದಸ್ ಮಿನಿಟ್."

"ಬೇರೆ ನಂಬರು ಅಂದರೆ ಯಾರದ್ದು?" ಎಂದಳು ಅಪ್ಪಿ.

"ಯಾವುದೋ ಹಳೇ ಫೋನಿನದು. ನಿಮಗೇನು?"

ಹತ್ತೇ ನಿಮಿಷ! ಅಪ್ಪಿಗೆ ಒಂದು ಗಳಿಗೆ ಆಸೆಯೂ ಆಯಿತು. ಆದರೆ ನಿಕಿತಾ ಕಿವಿಯಲ್ಲಿ, ನಂಬರು ಬದಲಿಸುವುದು ಅಪರಾಧ, ಜೈಲೂ ಆಗಬಹುದು ಎಂದಳು. ಆ ಹಳೇ ಫೋನು ಕಳವಿನದಾಗಿದ್ದರೆ ಪೊಲೀಸರು ಬರುವುದು ಯಾರ ಮನೆಗೆ? ಅಪ್ಪಿ ಫೋನನ್ನು ಸೆರಗಿಗೆ ಸುತ್ತಿಕೊಂಡಳು.

"ನನಗೆ ನನ್ನದೇ ನಂಬರು ಬೇಕು."

ಮರುದಿನ ಠಾಣೆ ಪಟ್ಟಣದಲ್ಲಿರುವ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಕೌಂಟರಿನ ಹುಡುಗಿ ಸೋನಾಲಿ ಸಮಾಧಾನದಿಂದ ವಿವರಿಸಿದಳು. ಮೊದಲಿನ ನಂಬರನ್ನೇ ಕೂರಿಸಬಹುದು, ಮೊದಲು ಫೋಟೋಗಳನ್ನೆಲ್ಲ ಬೇರೆ ಕಡೆ ಇಳಿಸಿಕೊಳ್ಳಿ, ಮತ್ತೆ ಫೋನು ನಿಮ್ಮದೇ ಎನ್ನಲು ಬಿಲ್ಲು ಇಲ್ಲವೇ ಡಬ್ಬಿ ತನ್ನಿ. ನಿಕಿತಾ ಅಲ್ಲೇ ಕೂತು ಫೋಟೋ ಇಳಿಸಿಕೊಂಡಳು. ಬಿಲ್ಲು, ಡಬ್ಬಿ ಎರಡೂ ಎರಡು ಮಳೆಗಾಲದ ಹಿಂದೆ ಮನೆಗೆ ನೀರು ನುಗ್ಗಿದಾಗ ಕೊಚ್ಚಿಹೋಗಿದ್ದವು.

"ಕೊಂಡ ಅಂಗಡಿ ನೆನಪಿದೆಯಾ?" ಎಂದಳು ಸೋನಾಲಿ ಹಿಂದಿಯಲ್ಲಿ.

ಅಪ್ಪಿಗೆ ಅಂಥದ್ದೆಲ್ಲ ಮರೆಯುವುದಿಲ್ಲ. ಅಲ್ಲಿಂದಲೇ ಕಲ್ಯಾಣದ ಲೋಕಲ್ ರೈಲು ಹತ್ತಿದರು. ಅಂಗಡಿಯವನು ಕಲಬುರಗಿ ಕಡೆಯ ಸಂಗಮೇಶ.

"ಬರ್ರಿ ಅಮ್ಮಾರ, ಕುಂದರ್ರಿ. ತಾರೀಖ್ ಹೇಳ್ರಿ, ಹುಡುಕೂಣು."

"ತಾರೀಕು ಗೊತ್ತಿಲ್ಲ ಮಗಾ. ಅವತ್ತು ಈ ಬಾಗಿಲಿಗೆ ಚೆಂಡುಹೂವಿನ ಮಾಲೆ ಇತ್ತು. ಒಳಗೆ ಪೇಂಟಿನ ವಾಸನೆ. ಹಸಿರು ಇಳಕಲ್ ಸೀರೆ ಉಟ್ಟ ನಿಮ್ಮ ಅಮ್ಮ ನನ್ನ ಹಣೆಗೆ ಕುಂಕುಮ ಇಟ್ಟು, ಕೈಗೆ ಒಂದು ಹಿಡಿ ಸಕ್ಕರೆ ಹಾಕಿದರು. ಅಷ್ಟು ಸಕ್ಕರೆ ಹಿಡಿದುಕೊಂಡು ದುಡ್ಡು ಎಣಿಸುವುದು ಹೇಗೆ ಅಂತ ನಾನು ನಕ್ಕಿದ್ದೆ."

ಸಂಗಮೇಶ ಕುರ್ಚಿಯಿಂದ ಎದ್ದೇಬಿಟ್ಟ.

"ಯವ್ವಾ! ಅಂಗಡಿ ಬೋಣಿ ಮಾಡಿದಾಕಿ ನೀವ ಏನ್ರಿ! ಅವ್ವ ಇವತ್ತಿಗೂ ಕೇಳ್ತಾಳ, ಆ ನಗೂ ಅಮ್ಮ ಮತ್ತ ಬಂದಿದ್ದಳೇನು ಅಂತ."

ಅವನು ಗೋಡೆಯ ಬಸವಣ್ಣನ ಪಟವನ್ನು ಎರಡೂ ಕೈಯಲ್ಲಿ ಇಳಿಸಿದ. ಪಟದ ಹಿಂದೆ ಪ್ಲಾಸ್ಟಿಕ್ ಹಾಳೆಯೊಳಗೆ ಬಿಲ್‌ಬುಕ್ಕಿನ ಮೊದಲ ಬಿಲ್ಲಿನ ನಕಲು. ಬಿಲ್ ನಂಬರ್ ಒಂದು, ಅಪ್ಪಿಯ ಹೆಸರು, ಕೆಳಗೆ ದುಂಡಗಿನ ಹದಿನೈದು ಅಂಕೆಗಳು. ಬೋಣಿಯ ಬಿಲ್ಲನ್ನು ತಾಯಿಯೇ ಅಲ್ಲಿ ಇಡಿಸಿದ್ದಳಂತೆ. ಸಂಗಮೇಶ ಝೆರಾಕ್ಸ್ ತೆಗೆದು, ಸೀಲು ಹೊಡೆದು, ಸಹಿ ಹಾಕಿ, ಚಹಾ ಕುಡಿಸದೆ ಬಿಡಲಿಲ್ಲ.

"ದೇವರ ಹಿಂದೆ ಇವಳನ್ನೂ ಇಟ್ಟಿದ್ದಾರೆ," ಎಂದ ಚೆನ್ನಯ. "ಇನ್ನು ನನಗೆ ಮನೆಯಲ್ಲಿ ಉಳಿಗಾಲ ಇಲ್ಲ."

ಮರುದಿನ ಸರ್ವಿಸ್ ಸೆಂಟರಿನಲ್ಲಿ ಸೋನಾಲಿ ಬಿಲ್ಲನ್ನು ಕಂಪನಿಯ ದಾಖಲೆಗೆ ಹೋಲಿಸಿ ಫೋನನ್ನು ಒಳಗೆ ಕಳಿಸಿದಳು. ಎರಡು ತಾಸು ಕಾದದ್ದಾಯಿತು. ಫೋನು ಹೊರಗೆ ಬಂದಾಗ ನಿಕಿತಾ ಮತ್ತೆ ಸ್ಟಾರ್, ಹ್ಯಾಷ್ ಒತ್ತಿದಳು. ಅಪ್ಪಿ ಝೆರಾಕ್ಸಿನ ಮೇಲೆ ಬೆರಳಿಟ್ಟು, ಪರದೆ ನೋಡುತ್ತ ಒಂದೊಂದೇ ಅಂಕೆಯನ್ನು ಗಟ್ಟಿಯಾಗಿ ಓದಿದಳು. ಸಾಲಿನಲ್ಲಿ ನಿಂತವರೂ ಕತ್ತು ಚಾಚಿ ಕೇಳಿಸಿಕೊಂಡರು. ಹದಿನೈದನೆಯದೂ ಸರಿಹೋದಾಗ ಯಾರೋ ಚಪ್ಪಾಳೆ ತಟ್ಟಿದರು.

ನಿಕಿತಾ ಇಳಿಸಿಕೊಂಡಿದ್ದ ಫೋಟೋಗಳನ್ನು ಮತ್ತೆ ಸೇರಿಸಿ ಸಿಮ್ಮು ಹಾಕಿದ್ದೇ ತಡ, ಫೋನು ಹಾಡಿತು. ಪರದೆಯ ಮೇಲೆ ನೀಲಿ ಬಾಗಿಲು.

"ಶೆಟ್ರೇ, ಹೇಳಿ! ಮೂವತ್ತು ಮೂಡೆಯಾ? ನಲವತ್ತು ಮಾಡಿ, ಅಳಿಯ ಬಂದಿದ್ದಾನಲ್ಲ!"

ಆಮೇಲೆ ಹೊಲಿಗೆ ಮಿಷನ್ನು, ಅದರ ಬೆನ್ನಿಗೇ ಇನ್ನೊಂದು. ಅಷ್ಟೂ ಹೊತ್ತು ಕೆನ್ನೆಗೆ ಕೈಕೊಟ್ಟು ನೋಡುತ್ತಿದ್ದ ಸೋನಾಲಿ ಕೇಳಿದಳು, "ಆಜಿ, ಈ ಮೂಡೆ ಅಂದರೆ ಏನು? ನಮ್ಮ ಮನೆಗೂ ಸಿಗುತ್ತಾ?"

ಅಪ್ಪಿ ನಂಬರು ಕೇಳಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಸಿಗುತ್ತದೆ. ಮೊದಲು ಸ್ವಲ್ಪ ನಗು ಮಗಾ, ಫೋಟೋ ತೆಗೆಯಬೇಕು."